ರಾಜಕುಮಾರಿಯೂ ಬಗ್ಗಬೇಕು

ನನ್ನ ಅಂಗಡಿಗೆ ಬಂದ ರಾಜಕುಮಾರಿಯರೆಲ್ಲ ಬಸ್ಸಿನಲ್ಲೇ ಬಂದವರು. ಶಿರಾ ಗೇಟಿನಲ್ಲಿ ಇಳಿದು, ಟಯರ್ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿ, ಒಂದು ಲೋಟ ನೀರು ಕುಡಿದು, ಆಮೇಲೆ ಮೆಲ್ಲಗೆ, ಕಥೆಯಲ್ಲಿ ಬರುವಂಥದ್ದು ಹೊಲಿಯುತ್ತೀರಂತೆ ಎಂದು ಶುರುಮಾಡುವರು. ಹೊಲಿಯುತ್ತಿದ್ದೆ. ಆಗ ತುಮಕೂರಿನಲ್ಲಿ ಚೂಡಿದಾರ ಹೊಲಿಯುವವರು ಬೀದಿಗೊಬ್ಬರಿದ್ದರು. ಅರಮನೆಯ ಲಂಗ ಹೊಲಿಯುವವಳು ನಾನೊಬ್ಬಳೇ. ಈ ಮಾತನ್ನು ವಿನಯದಿಂದ ಹೇಳುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.

ನನ್ನ ವಿದ್ಯೆಯೆಲ್ಲ ಹಳೇ ಪೇಪರ್ ಅಂಗಡಿಯದು. ಅಲ್ಲಿ ತೂಕಕ್ಕೆ ಕೊಂಡ ವಿದೇಶಿ ಪತ್ರಿಕೆಗಳಲ್ಲಿ ಹಿಂದಿನ ಕಾಲದ ರಾಣಿಯರ ಚಿತ್ರಗಳಿರುತ್ತಿದ್ದವು. ಆ ಮಹಾತಾಯಂದಿರ ಲಂಗ ಎಷ್ಟು ಅಗಲವೆಂದರೆ ಬಾಗಿಲಲ್ಲಿ ಅಡ್ಡಡ್ಡ ನುಸುಳಬೇಕಿತ್ತು. ಒಳಗೆ ಬೆತ್ತವೋ, ಉಕ್ಕಿನ ಬಳೆಯೋ, ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಯೋ ಇರುತ್ತಿತ್ತು. ನಮ್ಮೂರು ಗುಬ್ಬಿಯ ಕಡೆ ತಿಮಿಂಗಿಲ ಸಿಗುವುದಿಲ್ಲ. ನಮ್ಮ ತೋಟದಲ್ಲಿ ಸಿಗುವುದು ತೆಂಗಿಗೆ ಹನಿ ನೀರು ಬಿಡುವ ಕಪ್ಪು ಪೈಪು. ಅದನ್ನೇ ಬಳೆ ಮಾಡಿ ಹೊಲಿದರೆ ಲಂಗ ತಾನಾಗಿ ನಿಲ್ಲುತ್ತದೆ. "ಗಿಡಕ್ಕೆ ನೀರ್ ಬಿಡೋ ಪೈಪ್ನ ಲಂಗದೊಳಕ್ಕೆ ತುರುಕವ್ಳೆ" ಎಂದು ನಮ್ಮಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ. ನನಗೆ ಅದೇ ಮೊದಲ ಜಾಹೀರಾತು.

ಅದು ಕುಣಿಗಲ್ಲಿನ ಸವಿತಾಳ ಕಿವಿಗೂ ಬಿತ್ತು. ಅವಳು ಶಿಶುವಿಹಾರದ ಟೀಚರು. ದಿನಾ ಮಕ್ಕಳಿಗೆ ರಾಜಕುಮಾರಿಯ ಕಥೆ ಹೇಳಿ ಹೇಳಿ, ತನ್ನ ಆರತಕ್ಷತೆಯ ಒಂದು ಸಂಜೆಯಾದರೂ ಹಾಗೆ ನಿಲ್ಲಬೇಕೆಂದು ಆಸೆಪಟ್ಟಿದ್ದಳು. ಮನೆಯಲ್ಲಿ ಎಲ್ಲರೂ ಒಪ್ಪಿದ್ದರು; ಅಜ್ಜಿ ಮಾತ್ರ ಕಣ್ಣಾರೆ ನೋಡಿಯೇ ಹೇಳುತ್ತೇನೆಂದು ಟ್ರಯಲ್ ದಿನ ಜೊತೆಗೇ ಬಂದರು.

ತಿಳಿಗುಲಾಬಿ ಲಂಗ ತೊಟ್ಟು ಸವಿತಾ ಪರದೆಯಿಂದ ಈಚೆ ಬಂದಾಗ ನನ್ನ ಕೈಗೆ ನಾನೇ ಶಹಭಾಸ್ ಎಂದುಕೊಂಡೆ. ಹೊಸ ಬಟ್ಟೆ ತೊಟ್ಟ ನಮ್ಮ ಹುಡುಗಿಯರು ಮೊದಲು ಏನು ಮಾಡುತ್ತಾರೆ? ಹಿರಿಯರ ಕಾಲಿಗೆ ಬೀಳುತ್ತಾರೆ. ಅವಳೂ ಬಗ್ಗಿದಳು. ಮುಂದಿನ ಬಳೆಗಳು ನೆಲಕ್ಕೆ ಒತ್ತಿಕೊಂಡವು. ಹಿಂದಿನವು ಗಾಳಿಗೆ ಮಗುಚಿದ ಕೊಡೆಯಂತೆ ಮೇಲೆದ್ದವು. ನಾನು ಓಡಿಹೋಗಿ ಬಾಗಿಲು ಹಾಕಿದೆ.

ಅಜ್ಜಿ ನಗಲಿಲ್ಲ. "ಛತ್ರದಲ್ಲಿ ಎಷ್ಟ್ ಜನದ ಕಾಲಿಗ್ ಬೀಳ್ಬೇಕು, ಗೊತ್ತೇನವ್ವಾ? ಸೀರೆನೇ ಉಡ್ಲಿ ಬುಡು" ಎಂದರು. ಸವಿತಾಳ ಕಣ್ಣು ತುಂಬಿಕೊಂಡಿತು. ಅದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ಬಗ್ಗುವ ಲಂಗವನ್ನೇ ಛತ್ರಕ್ಕೆ ತರುತ್ತೇನೆ ಎಂದೆ. ಹಾಗಾದರೆ ಸೀರೆಯೂ ಜೊತೆಗಿರುತ್ತದೆ ಎಂದರು ಅಜ್ಜಿ.

ಅವರು ಹೋದ ಮೇಲೆ ಮತ್ತೆ ರಾಣಿಯರನ್ನು ಹರಡಿಕೊಂಡು ಕುಳಿತೆ. ಆಗ ಹೊಳೆಯಿತು: ಇವರಲ್ಲಿ ಒಬ್ಬಳೂ ಯಾರ ಕಾಲಿಗೂ ಬಿದ್ದವಳಲ್ಲ. ದೊರೆಯೆದುರಿಗೂ ಬೆನ್ನು ನೆಟ್ಟಗಿಟ್ಟು, ಮಂಡಿ ಮಾತ್ರ ಮಡಿಸಿ ಎದ್ದುಬಿಡುವರು. ಅವರ ಲಂಗ ಕಲಿತಿದ್ದೂ ಅಷ್ಟೇ ಮರ್ಯಾದೆ. ಇನ್ನಷ್ಟು ಪುಟ ತಿರುಗಿಸಿದರೆ ಅವರ ಮೊಮ್ಮಕ್ಕಳ ಕಾಲದ ಚಿತ್ರಗಳು ಸಿಕ್ಕವು. ಅಷ್ಟರಲ್ಲಿ ಲಂಗದ ಮುಂಭಾಗ ಚಪ್ಪಟೆಯಾಗಿ, ವೈಭವವೆಲ್ಲ ಹಿಂದಕ್ಕೆ ಹೋಗಿತ್ತು. ಕತ್ತರಿ ತೆಗೆದುಕೊಂಡೆ. ಬಳೆಗಳ ಮುಂದಿನ ಅರ್ಧ ಹಾರಿಸಿ, ಹಿಂದಿನ ಅರ್ಧವನ್ನು ಒಳಗೆ ಸೊಂಟದಿಂದ ಲಾಡಿಗಳಲ್ಲಿ ಒಂದರ ಕೆಳಗೊಂದು ಇಳಿಬಿಟ್ಟೆ. ಬಗ್ಗಿದರೆ ಅವು ಒಂದರ ಮೇಲೊಂದು ಮಡಚಿ ಕೂರಬೇಕು. ಮುಂದೆ ಬರೀ ಬಟ್ಟೆ, ಸೀರೆಯ ನೆರಿಗೆಯ ಹಾಗೆ.

ಆರತಕ್ಷತೆಯ ಸಂಜೆ ಛತ್ರದ ಹೆಣ್ಣಿನ ಕೋಣೆಯಲ್ಲಿ ಅಜ್ಜಿ ಸೀರೆಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.  ಹೊಸ ಲಂಗ ತೊಟ್ಟು ಸವಿತಾ ಅವರ ಕಾಲಿಗೆ ಬಗ್ಗಿದಳು. ಲಂಗದ ಅಂಚು ನೆಲ ಬಿಡಲಿಲ್ಲ. ಗುಲಾಬಿ ಬಣ್ಣ ಅವಳ ಹಿಂದೆ ನಿಧಾನವಾಗಿ ಕೋಣೆಯ ಅರ್ಧಕ್ಕೆ ಹರಡಿಕೊಂಡಿತು. ಅಜ್ಜಿ ಕತ್ತು ಚಾಚಿ ಅವಳ ಬೆನ್ನ ಹಿಂದೆ ಇಣುಕಿದರು, ಬ್ಯಾಗನ್ನು ಮಂಚದ ಕೆಳಗೆ ತಳ್ಳಿದರು.

"ಇನ್ನೊಂದ್ ಕಿತ ಬಗ್ಗವ್ವ" ಎಂದರು. "ಹಿಂದ್ಗಡೆ ನೋಡ್ತಾ ನೋಡ್ತಾ ಆಶೀರ್ವಾದ ಮಾಡೋದೇ ಮರ್ತೆ."

ಅಂದಿನಿಂದ ನನ್ನ ಅಂಗಡಿಯಲ್ಲಿ ಸೊಂಟದ ಅಳತೆ ಆಮೇಲೆ. ರಾಜಕುಮಾರಿ ನೀರು ಕುಡಿದು ಲೋಟ ಕೆಳಗಿಟ್ಟ ಕೂಡಲೇ ನಾನು ಕೇಳುವುದು, ಮನೆಯಲ್ಲಿ ಹಿರಿಯರು ಎಷ್ಟು ಜನ?