ರುಮಾಲಿಗೊಂದು ಕಿಂಡಿಯಿದ್ದ ರೇಸ್ ಕಾರು

ಗಾಡಿ ನಡೆಸುವಾಗ ನನ್ನ ಕಾಲು ಬ್ರೇಕಿನ ಮೇಲಿರುತ್ತದೆ, ಕೈ ಹಾರ್ನಿನ ಮೇಲಿರುತ್ತದೆ, ಮನಸ್ಸು ಆಗಲೇ ದವಾಖಾನೆ ಸೇರಿರುತ್ತದೆ. ಮನೆ ಬಿಟ್ಟು ಹತ್ತು ಹೆಜ್ಜೆ ಹೋದವನು ಬಾಗಿಲು ಸರಿಯಾಗಿ ಮುಚ್ಚಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ನನ್ನ ಹೆಂಡತಿ ಸುಮಿತ್ರಾ ಈಗೀಗ ನಾನು ಎರಡನೆಯ ಸಲ ಬರುವವರೆಗೆ ಬಾಗಿಲಲ್ಲೇ ನಿಂತಿರುತ್ತಾಳೆ, ಮತ್ತೆ ಬಂದು ತೆಗೆಯುವ ಕೆಲಸ ಉಳಿಯಿತೆಂದು. ಇಂಥ ನಾನು ಒಂದು ಕಾಲಕ್ಕೆ ರೇಸ್ ಕಾರಿನ ಮಾಲೀಕನಾಗಿದ್ದೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ನನ್ನಿಂದ ಗಣಿತ ಕಲಿತವರು ಇದನ್ನು ನಂಬುವುದಿಲ್ಲ. ನಂಬದಿದ್ದರೆ ತಪ್ಪೇನಿಲ್ಲ.

ತಪ್ಪು ದತ್ತು ಮಿಸ್ತ್ರಿಯದು. ದತ್ತು ನನ್ನ ಬಾಲ್ಯದ ಗೆಳೆಯ. ನಿಪ್ಪಾಣಿಯಲ್ಲಿ ಅವನ ಗ್ಯಾರೇಜು. ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅವನ ಕೈಗೆ ರದ್ದಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಮಾಸಿಕ ಸಿಕ್ಕಿತು. ಅದರಲ್ಲೊಂದು ಚಿತ್ರ. ನಾವು ಹುಟ್ಟುವ ಮೊದಲು ಯಾವುದೋ ದೇಶದಲ್ಲಿ, ಕಣ್ಣು ಹಾಯಿಸಿದಷ್ಟು ದೂರ ಬಿಳಿಯ ಉಪ್ಪಿನ ಬಯಲಿನಲ್ಲಿ, ವಿಮಾನದ ಎಣ್ಣೆಯ ಟಾಕಿಯಿಂದ ಮಾಡಿದ ಒಂದು ಕಾರು ಓಡುತ್ತಿತ್ತು. ಆಕಾರ ಥೇಟ್ ಗಜ್ಜರಿಯದು. ನಾಲ್ಕು ಗಾಲಿಗಳು ಹೊರಗೆ, ಒಬ್ಬ ಮನುಷ್ಯ ಒಳಗೆ ಅರ್ಧ ಮಲಗಿದಂತೆ.

"ಮಾಸ್ತರ, ನಿನ್ನ ಹಳೇ ಕಾರಿನ ಎಂಜಿನ್ ಇನ್ನೂ ಗಟ್ಟಿ ಐತಿ, ಬಾಡಿ ಅಷ್ಟ ಕೆಟ್ಟೈತಿ. ಅದಕ್ಕ ಈ ಅಂಗಿ ತೊಡಸೂನು."

"ಇಲ್ಲೆ ಉಪ್ಪಿನ ಬೈಲು ಎಲ್ಲೈತೋ?"

"ಉಪ್ಪ ಇಲ್ಲಂದ್ರ ಏನಾತು, ಬೆಲ್ಲದ ಸೀಮಿ ಐತಲ್ಲ!"

ವೇಗದ ವಿಷಯದಲ್ಲಿ ನಾನು ಸ್ವಲ್ಪ ಚಿಂತನೆ ಮಾಡಿದ್ದೇನೆ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಎಂದು ಮಕ್ಕಳಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಂಡಿದ್ದೇನೆ. ಆದರೆ ಆ ಸೂತ್ರ ಬರೆದವನು ದಾರಿಯಲ್ಲಿ ಯಾರೂ ಕೈ ಮಾಡಿ ನಿಲ್ಲಿಸುವುದಿಲ್ಲ ಎಂದು ಮೊದಲೇ ಅಂದುಕೊಂಡಿರಬೇಕು. ಉಪ್ಪಿನ ಬಯಲಿನ ಕಾರಿಗೆ ಹಾರ್ನ್ ಇರಲಿಲ್ಲ. ಅಲ್ಲಿ ಯಾವ ಎಮ್ಮೆಗೆ ಬಾರಿಸಬೇಕು? ಮಡ್‌ಗಾರ್ಡ್ ಇರಲಿಲ್ಲ, ರಾಡಿ ಯಾರ ಧೋತರಕ್ಕೆ ಸಿಡಿಯಬೇಕು? ಅದಕ್ಕೆ ತಿರುಗುವುದೂ ಅಷ್ಟಾಗಿ ಗೊತ್ತಿರಲಿಲ್ಲ. ನಮ್ಮಲ್ಲಿ ಮನೆಯಿಂದ ಕಾಯಿಪಲ್ಲೆ ಸಂತೆಗೆ ಹೋಗಲು ಏಳು ತಿರುವು.

ನಾನು ಬೇಡವೆನ್ನುವವನೇ ಇದ್ದೆ. ಬೇಡವೆನ್ನದಂತೆ ಮಾಡಿದವರು ನಮ್ಮ ಅಪ್ಪ.

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಿರಜಿನ ಡಾಕ್ಟರು, ಇನ್ನು ತಡ ಮಾಡಿದರೆ ನನ್ನ ಕೈಯಲ್ಲಿಲ್ಲ ಎಂದು ಹೇಳಿಕಳಿಸಿದ್ದರು. ಅಪ್ಪ ಮಾತ್ರ ಮನೆಯ ಕಟ್ಟೆ ಬಿಟ್ಟು ಏಳಲೊಲ್ಲರು. ಹರೆಯದಲ್ಲಿ ಬೇಡಕಿಹಾಳ, ಬೋರಗಾಂವದ ಎತ್ತಿನ ಗಾಡಿಯ ಶರ್ಯತ್ತುಗಳಲ್ಲಿ ಗಾಡಿ ಹೊಡೆದು ಹೆಸರು ಮಾಡಿದ ಮನುಷ್ಯ. "ಬಸ್ಸಿಗೆ ನನ್ನ ಕೈ ಹಿಡದ ಹತ್ತಿಸ್ತೀರಿ. ಕಂಡಕ್ಟರ ‘ಅಜ್ಜಾಗ ಜಾಗಾ ಬಿಡ್ರಿ’ ಅಂತಾನ. ನಾ ಒಲ್ಲೆ" ಎನ್ನುವರು. ಜೀಪು ತರುತ್ತೇನೆಂದರೆ ಜೀಪಿನ ಎಣ್ಣೆ ವಾಸನೆ ಆಗದು. ಅಸಲಿಗೆ ಅವರಿಗೆ ಕಣ್ಣಿಗೆ ಕತ್ತಿ ತಾಗಿಸುವುದರ ಅಂಜಿಕೆ. ಅಂಜಿಕೆಯ ಚಹರೆ ನನಗೆ ಬೇಗ ಗುರುತು ಸಿಗುತ್ತದೆ, ದಿನಾ ಕನ್ನಡಿಯಲ್ಲಿ ನೋಡುತ್ತೇನಲ್ಲ.

ದತ್ತು ಆ ಚಿತ್ರದ ವರ್ಣನೆ ಮಾಡಿದಾಗ ಅಪ್ಪ ಕಿವಿ ನಿಮಿರಿಸಿದರು. ಆಮೇಲೆ ಉಪಾಯ ಮಾಡಿದರು: "ಆ ರೇಸಿನ ಗಾಡಿ ತಯಾರಾದ್ರ ಬರ್ತೀನಿ. ನನ್ನ ಮಾತಂದ್ರ ಮಾತು." ಅದು ತಯಾರಾಗುವುದಿಲ್ಲ ಎಂಬ ಭರವಸೆ ಅವರಿಗಿತ್ತು. ನನಗೂ ಇತ್ತು. ದತ್ತುವಿಗೊಬ್ಬನಿಗೆ ಇರಲಿಲ್ಲ.

ಎರಡು ತಿಂಗಳು ಅವನ ಸುತ್ತಿಗೆ ನಿಲ್ಲಲಿಲ್ಲ. ವಿಮಾನದ ಟಾಕಿ ನಿಪ್ಪಾಣಿಯಲ್ಲಿ ಎಲ್ಲಿ ಸಿಗಬೇಕು? ತಂಬಾಕಿನ ಗೋದಾಮೊಂದರ ಹಳೆಯ ಛಾವಣಿಯ ತಗಡನ್ನು ಬಡಿದು ಸಪಾಟು ಮಾಡಿದ. ಬಿಸಿಲೇರಿದರೆ ಅದರಿಂದ ತಂಬಾಕಿನ ಘಾಟು ಎದ್ದು ಗ್ಯಾರೇಜಿನಲ್ಲಿದ್ದವರೆಲ್ಲ ಸೀನುತ್ತಿದ್ದೆವು. ಹಂಪುಗಳಿಗೆ ಹೊಟ್ಟೆ ತಾಗದಂತೆ ಗಾಡಿಯನ್ನು ಒಂದು ಗೇಣು ಎತ್ತರಿಸಿದ, ತಿರುವಿಗಾಗಿ ಬಾಲ ಕತ್ತರಿಸಿದ, ಹಾರ್ನ್ ಎರಡು ಹಚ್ಚಿದ. "ಒಬ್ಬನ ಕೂಡೂ ಗಾಡಿ ನಮ್ಮ ಕಡೆ ನಡ್ಯಾಂಗಿಲ್ಲ, ಮಂದಿ ಬೈತಾರ" ಎಂದು ಕಬ್ಬಿನ ಗಿಣ್ಣುಗಳಂತೆ ಒಂದರ ಹಿಂದೊಂದು ಮೂರು ಸೀಟು ಕೂರಿಸಿದ. ಅಳತೆಯ ಲೆಕ್ಕವೆಲ್ಲ ನನ್ನದು. ಅಪ್ಪ ಊಟಕ್ಕೆ ಕುಳಿತಾಗ ಟೇಪು ಹಿಡಿದು, ತಲೆಯ ಮೇಲೆ ಮೂರು ಬೆರಳು ಜಾಗ ಬಿಟ್ಟು, ಮೂರು ಸಲ ತಾಳೆ ನೋಡಿದ್ದೆ.

ಹೊರಡುವ ಮುಂಜಾನೆ ದತ್ತು ಗಾಡಿಯನ್ನು ನಮ್ಮ ಬಾಗಿಲಿಗೆ ತಂದಾಗ ಓಣಿಯೆಲ್ಲ ಕೂಡಿತ್ತು. ಅಪ್ಪ ಹೊಸ ಧೋತರ ಉಟ್ಟು, ತಲೆಗೆ ದೊಡ್ಡ ರುಮಾಲು ಸುತ್ತಿ ಬಂದು ನಡುವಿನ ಸೀಟಿನಲ್ಲಿ ಕುಳಿತರು. ದತ್ತು ಮೇಲಿನ ತಗಡು ಮುಚ್ಚಲು ಹೋದ. ಮುಚ್ಚಲಿಲ್ಲ. ಊಟಕ್ಕೆ ಕೂಡುವಾಗ ಅಪ್ಪ ರುಮಾಲು ತೆಗೆದು ಗೂಟಕ್ಕೆ ಹಾಕುತ್ತಾರೆ ಎಂಬುದು ಆಗ ನನಗೆ ಹೊಳೆಯಿತು. ಮೂರು ಸಲ ತಾಳೆ ನೋಡಿದ್ದು ಬೋಳು ತಲೆಯನ್ನು!

"ಅಪ್ಪಾ, ರುಮಾಲ ತೊಡಿ ಮ್ಯಾಲೆ ಇಟಕೋರಿ."

"ಬರೇ ತಲೀಲೆ ಊರ ದಾಟಲೇನ? ಮನ್ಯಾಗ ಯಾರರ ಸತ್ತಾರಂತ ತಿಳಕೊಂಡಾರು ಮಂದಿ. ಇರ್ಲಿ ಬಿಡಪಾ, ಮುಂದಿನ ವರ್ಷ ನೋಡೂನು."

ಅವರ ಒಂದು ಕಾಲು ಆಗಲೇ ಹೊರಗೆ ಬಂದಿತ್ತು, ದನಿಯಲ್ಲಿ ಬಿಡುಗಡೆಯಿತ್ತು. ಮುಂದಿನ ವರ್ಷಕ್ಕೆ ಕಣ್ಣು ಉಳಿಯುವುದಿಲ್ಲ. ದತ್ತು ಹತಾರದ ಚೀಲ ಬಿಚ್ಚಿದ. ಎರಡು ತಿಂಗಳು ಬಡಿದು ನುಣುಪು ಮಾಡಿದ್ದ ತಗಡಿನ ಮೇಲೆ ಉಳಿ ಇಟ್ಟು, ಸುತ್ತಿಗೆಯಿಂದ ಹೊಡೆದು, ದುಂಡಗೆ ಒಂದು ಕಿಂಡಿ ಕೊರೆದ. ಅಂಚು ತಾಗದಂತೆ ಹಳೆಯ ಸೈಕಲ್ ಟ್ಯೂಬು ಸುತ್ತಿದ. "ಕೂಡ್ರಿ ಕಾಕಾ. ಇನ್ನ ಊರ ಮಂದಿಗೆ ನಿಮ್ಮ ರುಮಾಲ ಒಂದ ಕಾಣಸ್ತೈತಿ." ಅಪ್ಪ ಕಿಂಡಿಯ ಅಂಚನ್ನು ಕೈಯಿಂದ ತಡವಿ, ಕಾಲು ಒಳಗೆ ಎಳೆದುಕೊಂಡರು.

ಮುಂದೆ ಕುಳಿತು ನಡೆಸುತ್ತಿದ್ದವನು ನಾನು; ಅಂಕಲಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆವು. "ಎಷ್ಟ ಜೋರ ಹೊಂಟೀವಿ?" ಎಂದು ಅಪ್ಪ ಕೇಳಿದರು. ವೇಗದ ಮುಳ್ಳು ಹದಿನೆಂಟರಲ್ಲಿತ್ತು. "ಎಂಬತ್ತರಿ ಕಾಕಾ!" ಎಂದ ಹಿಂದಿನ ಸೀಟಿನಿಂದ ದತ್ತು. ರುಮಾಲಿಗೆ ಗಾಳಿ ತಾಗುತ್ತಿತ್ತು, ಅಪ್ಪ ತಲೆದೂಗಿದರು. ಹಾಗೆಯೇ ಕೃಷ್ಣೆ ದಾಟಿ ಕಾಗವಾಡದ ಮೇಲೆ ಮಿರಜು ಮುಟ್ಟಿದೆವು.

ಒಂದು ಕಣ್ಣಿನ ಆಪರೇಷನ್ ಆಯಿತು. ಎಂಟು ದಿನದ ಮೇಲೆ ದಪ್ಪ ಕನ್ನಡಕ ಹಾಕಿಕೊಂಡು ಹೊರಗೆ ಬಂದ ಅಪ್ಪ ಗಾಡಿಯನ್ನು ಒಂದು ಸುತ್ತು ಬಂದರು. ಕೊನೆಗೆ ಹೇಳಿದರು: "ಮೊದ್ಲ ನನಗ ಕಣ್ಣ ಕಾಣ್ತಿದ್ರ ನಾ ಇದರಾಗ ಕಾಲ ಇಡ್ತಿದ್ದಿಲ್ಲ ಲೇ."

"ಎಂಬತ್ತರಾಗ ಬಂದೀವಲ್ರಿ ಕಾಕಾ" ಎಂದ ದತ್ತು.

"ಸುಳ್ಳ ಹೇಳಬ್ಯಾಡ. ಅಂಕಲಿಂದ ಹೊಳಿ ಮಟಾ ಆ ಟ್ರ್ಯಾಕ್ಟರಿನ ಕಬ್ಬಿನ ವಾಸನಿ ಮೂಗ ಬಿಟ್ಟ ಸರಿಯಲಿಲ್ಲ. ನಿಮಗ ಬ್ಯಾಸರ ಆದೀತಂತ ಸುಮ್ನಿದ್ದೆ."

ಆ ಕಾರು ಬಹಳ ವರ್ಷ ಬಾಳಲಿಲ್ಲ. ತಗಡು ತುಕ್ಕು ಹಿಡಿಯಿತು. ಆದರೂ ಅದನ್ನು ನೆನೆದಾಗೆಲ್ಲ ಯಾರ್‍ಯಾರಿಗೋ ಕೈ ಮುಗಿಯಬೇಕೆನಿಸುತ್ತದೆ: ಉಪ್ಪಿನ ಬಯಲಿನ ಆ ಹೆಸರು ಗೊತ್ತಿಲ್ಲದ ಪುಣ್ಯಾತ್ಮನಿಗೆ, ತನ್ನ ಕೆಲಸಕ್ಕೆ ತಾನೇ ಉಳಿ ಇಟ್ಟ ದತ್ತುವಿಗೆ, ಎಲ್ಲ ಗೊತ್ತಿದ್ದೂ ಸುಮ್ಮನೆ ಕುಳಿತ ಅಪ್ಪನಿಗೆ.

ಅಂದು ಮಿರಜಿನಿಂದ ಮರಳಿ ಬರುವಾಗ ಅಪ್ಪ ನನ್ನ ಹೆಗಲ ಮೇಲಿಂದ ಇಣುಕಿ, ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿದ್ದರು: "ಹಂಪ್ ಬಂತು! ಎಮ್ಮಿ ಐತಿ! ಆ ಸೈಕಲ್ಲಿನಾಂವ ನೋಡಾಂಗಿಲ್ಲ, ಹಾರ್ನ್ ಹೊಡಿ!" ನಾನು ಪಡಬೇಕಾದ ಚಿಂತೆಯನ್ನೆಲ್ಲ ಅವರೇ ಪಡುತ್ತಿದ್ದುದರಿಂದ ನನಗೆ ಕೆಲಸವಿರಲಿಲ್ಲ. ಕಾಗವಾಡ ದಾಟಿದ ಮೇಲೆ ರಸ್ತೆ ಖಾಲಿ ಇತ್ತು. ಯಾವಾಗಲೋ ಕಾಲು ಬ್ರೇಕು ಬಿಟ್ಟಿತ್ತು. ಮುಳ್ಳು ಅರವತ್ತು ದಾಟಿತ್ತು. ಹಿಂದೆ ಅಪ್ಪ ಎರಡೂ ಕೈಯಿಂದ ರುಮಾಲು ಹಿಡಿದುಕೊಂಡು, "ಸಾವಕಾಶ ಹೊಡಿಯಲೇ!" ಎಂದು ಚೀರಿದರು.

ಜೀವಮಾನವೆಲ್ಲ ನಾನು ಲೋಕಕ್ಕೆ ಹೇಳುತ್ತ ಬಂದ ಮಾತನ್ನು ಇನ್ನೊಬ್ಬರು ನನಗೆ ಹೇಳಿದ್ದು ಅದೊಂದೇ ಸಲ.