ಹಿನ್ನೀರಿನ ಮೇಲಿನ ಎರಡು ಆಂಟೆನಾ

೨೦೦೮ರಲ್ಲಿ ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಕಂಪನಿಗಳ ತಂತಿ ತಲುಪದ ಊರುಗಳ ಶಾಲೆ, ದವಾಖಾನೆಗಳಿಗೆ ಕಡಿಮೆ ಖರ್ಚಿನ ನೆಟ್‌ವರ್ಕ್ ಕಟ್ಟಿಕೊಡುವ ಕೆಲಸವನ್ನು ಕಾಲೇಜು ಕೈಗೆತ್ತಿಕೊಂಡಿತ್ತು. ಸಾಮಾನೆಲ್ಲ ಸಾದಾ: ವೈ-ಫೈ ರೇಡಿಯೊ, ಸೋಲಾರ್ ಪ್ಯಾನೆಲ್, ಬ್ಯಾಟರಿ, ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿಯವರ ಹತ್ತಿರ ವೆಲ್ಡಿಂಗ್ ಮಾಡಿಸಿದ ಕಂಬ. ಸಾಫ್ಟ್‌ವೇರ್ ಮುಕ್ತವಾದದ್ದು, ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಿ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದದ್ದು.

ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರ ನಮ್ಮ ಪಾಲಿಗೆ ಬಂತು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರಿನ ಜನ ಅಲ್ಲಿದ್ದರು. ಅದೇ ಊರಿನ ಸೊಸೆ ಗಂಗವ್ವ ಅಲ್ಲಿಯ ಆರೋಗ್ಯ ಉಪಕೇಂದ್ರದ ನರ್ಸ್. ಮೊಬೈಲ್ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕು. ಬೇಸಿಗೆಯಲ್ಲಿ ನೀರು ಸರಿದು ಹಳೆಯ ರಸ್ತೆ ತೆರೆದುಕೊಂಡರೆ ಆಸ್ಪತ್ರೆಗೆ ದಾರಿಯಿರುವ ಆಚೆ ದಂಡೆ ಹತ್ತಿರ. ಮಳೆಗಾಲದಲ್ಲಿ ದೊಡ್ಡ ಸುತ್ತು. ಹಿಂದಿನ ಮಳೆಗಾಲದಲ್ಲಿ ಒಬ್ಬ ಬಸುರಿ, ಡಾಕ್ಟರನ್ನು ಕೇಳುವ ದಾರಿಯಿಲ್ಲದೆ, ಆ ಸುತ್ತಿನಲ್ಲೇ ಜೀಪಿನೊಳಗೆ ತೀರಿಕೊಂಡಿದ್ದಳು. ಅವಳ ತಲೆ ಗಂಗವ್ವನವರ ತೊಡೆಯ ಮೇಲಿತ್ತು.

ಮೊದಲ ಭೇಟಿಯಲ್ಲೇ ಅವರು ಚಹಾದ ಕಪ್ಪು ಕೈಗೆ ಕೊಡುತ್ತ ಹೇಳಿದರು: "ಬ್ಯಾಸಗಿಯಾಗ ನಾ ಹೆಂಗರ ಮಾಡ್ತೇನ್ರಿ ಅಕ್ಕಾರ. ಮಳಿಗಾಲದಾಗ ನಡದ್ರ ಸಾಕು."

ಮೇ ತಿಂಗಳಲ್ಲಿ ಕಂಬ ನೆಟ್ಟೆವು. ಆಚೆ ದಂಡೆಯ ಹೈಸ್ಕೂಲಿಗೆ ಬ್ರಾಡ್‌ಬ್ಯಾಂಡ್ ಇತ್ತು. ಅಲ್ಲಿಂದ ಉಪಕೇಂದ್ರಕ್ಕೆ ರೇಡಿಯೊ ಲಿಂಕ್. ಕಂಪ್ಯೂಟರಿನ ಮುಂದೆ ಕುಳಿತು ಜಮಖಂಡಿಯ ಡಾಕ್ಟರ ಜೊತೆ ಮಾತಾಡಬಹುದು. ಕಂಬ ನೆಡುವ ಮೊದಲು ಸರ್ವೆಗೆಂದು, ನೀರು ಸರಿದ ಹಳೆಯ ಊರಿನ ಬಿರಿದ ಕೆಸರಿನ ಮೇಲೆ ನಡೆದೇ ಹೋಗಿದ್ದೆವು. ಜೊತೆಗೆ ಬಂದ ಗಂಗವ್ವನವರ ಮಾವ ಕಲ್ಲಿನ ಗುಡ್ಡೆಗಳನ್ನು ತೋರಿಸುತ್ತ, "ಇದು ಗಿರಣಿ, ಇದು ನಮ್ಮ ಕಟ್ಟಿ, ಇಲ್ಲೇ ಕುಂತು ಎಲಿ ಹಾಕ್ತಿದ್ವಿ" ಎನ್ನುತ್ತಿದ್ದರು. ನಾನು ಎರಡು ದಂಡೆಗಳ ನಡುವಿನ ದೂರ ಅಳೆದೆ, ಅಡ್ಡ ಮರಗಳಿವೆಯೇ ನೋಡಿದೆ. ನೀರಿನ ಮಾತು ಯಾರೂ ಎತ್ತಲಿಲ್ಲ. ಆ ದಿನ ಎಲ್ಲರ ಕಣ್ಣಿಗೂ ಅದು ಊರೇ ಆಗಿತ್ತು.

ಆಗಸ್ಟ್‌ನಲ್ಲಿ ಹಿನ್ನೀರು ತುಂಬಿತು, ಲಿಂಕ್ ಸತ್ತಿತು. ಗಾಳಿ ಬೀಸಿದರೆ ಒಂದಿಷ್ಟು ಬರುವುದು, ನೀರು ಶಾಂತವಾದರೆ ಹೋಗುವುದು. ನಮ್ಮ ಟೆಕ್ನಿಶಿಯನ್ ಬಸು ಕಂಬ ಹತ್ತಿ ಕೇಬಲ್ ಬದಲಿಸಿದ, ಇಳಿದು ಬ್ಯಾಟರಿ ಬದಲಿಸಿದ, ಮತ್ತೆ ಹತ್ತಿ ಮೇಲಿನಿಂದಲೇ ಹೇಳಿದ:

"ಬ್ಯಾಸಗಿಯಾಗ ಕುದುರಿ ಹಂಗ ಓಡ್ತಿತ್ರಿ ಅಕ್ಕಾರ. ಈಗ ಎಮ್ಮಿ ಹಂಗ ನೀರಾಗ ಕುಂತೈತಿ."

ಮಾವ ಕೆಳಗಿನಿಂದ ಕೂಗಿದರು: "ಲೇ ಬಸು, ಇಳದು ಬಾರೋ. ಮಾತು ನೀರಾಗಿನ ನಮ್ಮೂರಾಗ ಬೀಳಾಕತ್ತೇತಿ. ಪಾಪ, ಅಲ್ಲೆ ಮಾತಾಡಾಕ ಯಾರದಾರು."

ಗಂಗವ್ವ ಮಾತ್ರ ನಗಲಿಲ್ಲ. ಉಪಕೇಂದ್ರದ ಬೆಂಚಿನ ಮೇಲೆ ಆಗಲೇ ತಿಂಗಳು ತುಂಬಿದ ಹುಡುಗಿಯೊಬ್ಬಳು ಕಾಲು ಬಾತುಕೊಂಡು ಕೂತಿದ್ದಳು.

ಲ್ಯಾಬಿಗೆ ಮರಳಿ ಸಿಗ್ನಲ್ಲಿನ ಏರಿಳಿತದ ಗ್ರಾಫ್ ಹರಡಿಕೊಂಡು ಕುಳಿತಾಗ ಮುದುಕರ ಮಾತು ಸುಳ್ಳಲ್ಲ ಎನಿಸಿತು. ತುಂಬಿ ನಿಂತ ನೀರು ರೇಡಿಯೊ ಅಲೆಗೆ ಕನ್ನಡಿ ಇದ್ದಂತೆ. ಒಂದೇ ಸಂದೇಶ ನೇರವಾಗಿಯೂ ಬರುತ್ತದೆ, ನೀರಿಗೆ ತಾಗಿ ಚಿಮ್ಮಿಯೂ ಬರುತ್ತದೆ. ಎರಡೂ ಸೇರಿದಲ್ಲಿ ಒಂದನ್ನೊಂದು ಅಳಿಸಿಹಾಕಬಹುದು. ಆದರೆ ಹಾಗೆ ಅಳಿಸಿಹೋಗುವ ಎತ್ತರ ನೀರಿನ ಮಟ್ಟದ ಜೊತೆ ಬದಲಾಗುತ್ತದೆ. ಹಾಗಾಗಿ ಅದೇ ಕಂಬಕ್ಕೆ, ಮೊದಲಿನದಕ್ಕಿಂತ ಮೇಲೆ, ಇನ್ನೊಂದು ಆಂಟೆನಾ ಕಟ್ಟಿದೆವು. ಒಂದು ಕುರುಡಾದಾಗ ಇನ್ನೊಂದು ಕೇಳಬೇಕು. ಯಾವುದರಲ್ಲಿ ಸಿಗ್ನಲ್ ಇದೆಯೋ ಅದನ್ನು ರೇಡಿಯೊ ತಾನೇ ಆರಿಸಿಕೊಳ್ಳಬೇಕು. ಸಾಫ್ಟ್‌ವೇರ್ ಮುಕ್ತವಾಗಿದ್ದರಿಂದ ಆ ಭಾಗವನ್ನು ನಾವೇ ಬರೆದು ಸೇರಿಸಿದೆವು. ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ.

ಕೆಲವೇ ದಿನಗಳಲ್ಲಿ ಆ ಹುಡುಗಿಯ ಬಿಪಿ ಏರಿತು. ಬೆಳಗಿನ ಹೊತ್ತು, ನೀರು ಅಲುಗಾಡದೆ ನಿಂತಿತ್ತು. ಮೇಲಿನ ಆಂಟೆನಾ ಹಿಡಿಯಿತು. ಯಾವ ಇಂಜೆಕ್ಷನ್ ಕೊಡಬೇಕೆಂದು ಡಾಕ್ಟರು ಹೇಳಿದರು. ಗಂಗವ್ವ ಅದನ್ನು ಕೊಟ್ಟು, ಅವಳನ್ನು ಜೀಪಿನಲ್ಲಿ ಸುತ್ತು ಹಾಕಿಯೇ ಆಸ್ಪತ್ರೆಗೆ ಕರೆದೊಯ್ದರು. ತಾಯಿ ಮಗು ಇಬ್ಬರೂ ಉಳಿದರು.

ಮುಂದಿನ ವಾರ ನಾನು ಹೋದಾಗ ಗಂಗವ್ವ ನೀರನ್ನೇ ನೋಡುತ್ತ ನಿಂತಿದ್ದರು. "ಮಾತು ನಮ್ಮೂರ ಮ್ಯಾಲಿಂದ ದಾಟಿ ಹೋತಲ್ರಿ" ಎಂದರು. ನೀರಿನ ಕಡೆ ಕೈ ಮಾಡಿ ಹೇಳಿದರು: "ನನ್ನ ಮೊದಲಿನ ಕೂಸು ಅಲ್ಲೇ ಐತ್ರಿ. ಹೆಸರಿಡೂದರೊಳಗ ಹೋತು. ಬೇವಿನ ಗಿಡದ ಬುಡಕ ಮಣ್ಣು ಮಾಡೇವಿ. ನೀರಿಳದಾಗ ಬೊಡ್ಡಿ ಕಾಣ್ತೈತಿ. ಒಂದು ಬಟ್ಟಲ ಹಾಲು ಹಾಕಿ ಬರ್ತೇನಿ."

ನಾನು ನನಗೆ ತಿಳಿದದ್ದನ್ನು ಹೇಳಿದೆ: ನೀರು ತುಂಬಿದಾಗ ಮೇಲಿನ ಆಂಟೆನಾ, ಇಳಿದಾಗ ಕೆಳಗಿನದು ಕೆಲಸ ಮಾಡುತ್ತದೆ, ಬದಲಾದದ್ದು ಜಮಖಂಡಿಯಲ್ಲಿ ಕುಳಿತ ನನಗೂ ಕಾಣುತ್ತದೆ ಎಂದು.

ಎರಡು ವರ್ಷದ ಮೇಲೆ ಅವರಿಗೆ ಮುಧೋಳದ ಕಡೆ ವರ್ಗವಾಯಿತು. ಆ ಬೇಸಿಗೆಯಲ್ಲಿ ಫೋನ್ ಬಂತು. ಕ್ಷೇಮಸಮಾಚಾರ, ರೊಟ್ಟಿ, ಬಿಸಿಲು ಎಲ್ಲ ಮುಗಿದ ಮೇಲೆ ಕೇಳಿದರು: "ಅಕ್ಕಾರ, ಈಗ ಮ್ಯಾಲಿಂದೋ, ಕೆಳಗಿಂದೋ?" ಅಂದಿನಿಂದ ಪ್ರತಿ ಬೇಸಿಗೆಯೂ ಅದೇ ಪ್ರಶ್ನೆ.

ಮುಂದೆ ಆ ಕೇಂದ್ರಕ್ಕೆ ಫೈಬರ್ ಬಂತು. ಕಂಬ ಕಿತ್ತು ಸಾಮಾನು ವಾಪಸ್ ತರಲು ಮೇಲಿನವರು ಹೇಳಿದರು. ಹೊಸ ದಾರಿ ಬಂದ ದಿನ ಹಳೆಯದನ್ನು ಕೀಳಬಾರದು, ಕೆಟ್ಟ ದಿನಕ್ಕೆ ಎರಡನೆಯ ದಾರಿ ಇರಲೇಬೇಕು ಎಂದು ವಾದಿಸಿ ಉಳಿಸಿಕೊಂಡೆ. ರಸ್ತೆ ಕೆಲಸದ ಜೆಸಿಬಿ ಫೈಬರ್ ಕತ್ತರಿಸಿದಾಗಲೆಲ್ಲ ಆ ಮಾತು ಖರೆಯಾಗಿದೆ. ನನ್ನ ಕೆಲಸ ನನಗೆ ಕಲಿಸಿದ್ದು ಅದನ್ನೇ. ಜೊತೆಗೆ ಇನ್ನೊಂದು: ಎರಡು ದಂಡೆಗಳ ನಡುವೆ ಎಷ್ಟು ದೂರವಿದೆ ಎಂದು ಅಳೆಯುವ ಮುನ್ನ, ನಡುವೆ ಏನಿದೆ ಎಂದು ಕೇಳಬೇಕು.

ಬೇವಿನ ಬೊಡ್ಡಿ ಹೂಳಿನಲ್ಲಿ ಮುಚ್ಚಿಹೋಗಿದೆ. ನೀರಿಳಿದರೂ ಈಗ ಅಲ್ಲಿ ಕಾಣುವುದು ಬರೀ ಮಣ್ಣು. ಗಂಗವ್ವನವರಿಗೂ ಅದು ಗೊತ್ತು. ಆದರೂ ಈ ಬೇಸಿಗೆಯೂ ಫೋನ್ ಬಂತು.

"ಮ್ಯಾಲಿಂದೋ, ಕೆಳಗಿಂದೋ?"

"ಕೆಳಗಿಂದ್ರಿ ಸಿಸ್ಟರ್. ನಿನ್ನೆ ಬದಲಾತು."

"ಹಂಗಾರ ನಾಳೆ ಬಸ್ ಹಿಡೀತೇನ್ರಿ."