ಟೆನ್ಶನ್ ಇಳಿಸುವ ಹಂಡೆ

ಮಿತ್ರರೇ, ಒತ್ತಡ ನಿವಾರಣೆಯಿಂದಲೇ ಉಂಟಾಗುವ ಒತ್ತಡವನ್ನು ಇಂದು ಬಸ್ರೂರಿನ ತಂಗಿಯ ಮನೆಯಲ್ಲಿ ಕಣ್ಣಾರೆ ಕಂಡೆ. ಅವಳ ಮಗಳು ಸುಜಾತಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಈ ಕಾಯಿಲೆಯಲ್ಲಿ ಮೈ ಬಿಸಿಯಾದರೆ ಕೈಕಾಲು ಸೋಲುವುದುಂಟು. ‘ಮನಸ್ಸು ಹಗುರವಾಗಿರಲಿ, ಬಿಸಿನೀರಿನ ಸ್ನಾನ ಬೇಡ’ ಎಂದು ವೈದ್ಯರು ಹೇಳಿದ್ದರು. ತಂಗಿ ಮೊದಲರ್ಧವನ್ನು ಮಾತ್ರ ಸ್ವೀಕರಿಸಿ ಹಂಡೆಗೆ ಬೆಂಕಿ ಹಾಕಿದ್ದಳು.

“ಎಣ್ಣಿ ಹಚ್ಕಂಡ್ ಬಿಸಿ ಬಿಸಿ ನೀರ್ ಮಿಂದ್ರೆ ಟೆನ್ಶನ್ ಎಲ್ಲ ಇಳಿತ್ ಮಗಾ.”

“ಅಮ್ಮಾ, ಮೊನ್ನೆ ಮಿಂದ್ಕಂಡ್ ಗ್ವಾಡಿ ಹಿಡ್ಕಂಡ್ ಬಂದದ್ ಕಾಣ್ಲಿಲ್ಯಾ? ನಂಗ್ ಟೆನ್ಶನ್ ಆಪುದೇ ಆ ಹಂಡಿ ಕಂಡ್!”

“ಅದೆಲ್ಲ ನಿನ್ ಮನ್ಸಿನ್ ಭ್ರಮಿ.”

ನಾನು ಎದ್ದು ನಿಂತು, ಸಭಾಮರ್ಯಾದೆಗೆ ಚ್ಯುತಿ ಬಾರದಂತೆ, ಆಧಾರಸಹಿತವಾಗಿ ಐದು ನಿಮಿಷ ತಂಗಿಯ ವಾದವನ್ನು ಖಂಡಿಸಿದೆ. ತಂಗಿ ಒಲೆಗೆ ಇನ್ನೊಂದು ತೆಂಗಿನ ಸಿಪ್ಪೆ ನೂಕಿದಳು.

“ಅಣ್ಣಯ್ಯ, ಇದೇ ಕಾಯ್ಲಿ ಇಪ್ಪ ಹೊತ್ತಿಗೆ ನಿಮ್ಮ್ ಮಗನ್ನ ದಿನಾ ಬಿಸಿ ನೀರ್ ಮೀಸದ್ದ್ ಯಾರ್?”

ಮಗ ತೀರಿಕೊಂಡು ಎರಡು ವರ್ಷವಾಯಿತು. ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

“ನಾನೇ,” ಎಂದೆ. “‘ಕಾಲ್ ಸೋಲ್ತ್ ಅಪ್ಪಯ್ಯ, ಸಾಕ್’ ಅಂದಿದ್ದ. ‘ಧೈರ್ಯ ಇಲ್ದವ’ ಅಂತ ಬೈದಿದ್ದೆ. ನಾ ಮಾಡದ್ ತಪ್ಪ್.”

ತಂಗಿ ಒಲೆಯ ಬೆಂಕಿಯನ್ನು ಹೊರಗೆಳೆದು ಆರಿಸಿದಳು. ಬಾವಿಯಿಂದ ಒಂದು ಕೊಡಪಾನ ತಣ್ಣೀರು ತಂದು ಬಚ್ಚಲಲ್ಲಿಟ್ಟಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಒಮ್ಮೆಯೂ ತಪ್ಪೊಪ್ಪಿಕೊಂಡವನಲ್ಲ; ಪಾರಿತೋಷಕಗಳೆಲ್ಲ ಕಪಾಟಿನಲ್ಲಿವೆ. ಇಂದು ಒಪ್ಪಿಕೊಂಡೆ. ಸುಜಾತಳಿಗೆ ತಣ್ಣೀರು ಸಿಕ್ಕಿತು.